ತಂಡ ಮುಚ್ಚಿದ್ದು ತೀರ್ಥೇಶನ ಗೋಲಲ್ಲ

ಕಳೆದ ಜುಲೈನಲ್ಲಿ ಈ ಅಂಕಣದಲ್ಲಿ ನಾನೊಂದು ಸುಳ್ಳು ಬರೆದೆ. ದೇಶದ ಅತಿ ದೊಡ್ಡ ಫುಟ್‌ಬಾಲ್ ಲೀಗನ್ನು ಈ ಸಲ ತಡೆಹಿಡಿಯಲಾಗಿದೆ ಎಂಬ ಸುದ್ದಿ ಬಂದ ವಾರ ಅದು. ಸಿಟ್ಟಿನಲ್ಲಿ ಬರೆಯುತ್ತ ಹೋದವನು ಓದುಗರನ್ನು ನಗಿಸುವ ಚಪಲಕ್ಕೆ ನಡುವೆ ಒಂದು ಸಾಲು ತುರುಕಿದೆ: ‘ನಮ್ಮ ಸಾಗರ–ತೀರ್ಥಹಳ್ಳಿ ಬಸ್ಸಿನ ಡ್ರೈವರ್ ತೀರ್ಥೇಶ ಒಂದೇ ಒದೆತಕ್ಕೆ ಒಂದು ಕಾರ್ಖಾನೆಯ ತಂಡವನ್ನು ಮುಚ್ಚಿಸಿದ, ಈ ದೊಡ್ಡವರು ಇಡೀ ಲೀಗನ್ನೇ ಮುಚ್ಚಲು ಹೊರಟಿದ್ದಾರೆ.’ ಓದಿದವರು ನಕ್ಕರು. ಯಾರೋ ಆ ಸಾಲನ್ನು ಕತ್ತರಿಸಿ ಬಸ್ಸಿನ ಗಾಜಿಗೂ ಅಂಟಿಸಿದ್ದರಂತೆ. ತೀರ್ಥೇಶ ಕಿತ್ತು ಹಾಕಲಿಲ್ಲ. ಎರಡು ದಿನ ಅದನ್ನು ಇಟ್ಟುಕೊಂಡೇ ಬಸ್ಸು ಓಡಿಸಿದ.

ನಿಜ ಏನು ಎಂಬುದನ್ನು ಈಗ ಬರೆಯುತ್ತಿದ್ದೇನೆ. ತಡವಾಗಿದೆ.

ತೀರ್ಥೇಶ ಹುಟ್ಟಿ ಬೆಳೆದದ್ದು ಕಾರ್ಗಲ್ಲಿನ ಕಾಲನಿಯಲ್ಲಿ. ತಂದೆ ಶೇಷಪ್ಪನವರು ಅಣೆಕಟ್ಟಿನಲ್ಲಿ ನೌಕರರು. ಕೆಲಸಕ್ಕೆಂದು ಕೇರಳದಿಂದ, ತಮಿಳುನಾಡಿನಿಂದ ಬಂದವರು ಆ ಕಾಲನಿಗೆ ಫುಟ್‌ಬಾಲನ್ನೂ ತಂದಿದ್ದರು. ಬೇರೆ ಊರುಗಳಲ್ಲಿ ಹುಡುಗರು ಬ್ಯಾಟಿಗಾಗಿ ಜಗಳವಾಡುತ್ತಿದ್ದ ಕಾಲದಲ್ಲಿ ಇಲ್ಲಿಯವರು ಬರಿಗಾಲಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದರು. ತೀರ್ಥೇಶ ಎತ್ತರದ ಆಳು, ಮಾತು ಕಡಿಮೆ. ಗೋಲು ಹೊಡೆಯುವ ಆಸೆ ಅವನಿಗೆ ಎಂದೂ ಇರಲಿಲ್ಲ. ಗೋಲು ಆಗದಂತೆ ತಡೆಯುವುದೇ ಅವನ ಆಟ.

ಅವನಿಗೆ ಹದಿನೆಂಟು ತುಂಬಿದ ವರ್ಷ, ಅಂದರೆ ತೊಂಬತ್ತಾರರ ಕೊನೆಯಲ್ಲಿ, ದೇಶಕ್ಕೆ ಮೊದಲ ಸಲ ಒಂದು ರಾಷ್ಟ್ರೀಯ ಲೀಗ್ ಬಂತು. ಅಲ್ಲಿಯವರೆಗೆ ಕೋಲ್ಕತ್ತದವರದು ಒಂದು ಲೀಗು, ಗೋವಾದವರದು ಒಂದು, ಬೆಂಗಳೂರಿನವರದು ಇನ್ನೊಂದು. ಈಗ ಎಲ್ಲರೂ ಒಂದೇ ಪಟ್ಟಿಯಲ್ಲಿ. ಹೆಸರಾಂತ ಕ್ಲಬ್ಬುಗಳ ಜೊತೆ ಬ್ಯಾಂಕಿನ ತಂಡ, ಪೊಲೀಸರ ತಂಡ, ಕಾರ್ಖಾನೆಗಳ ತಂಡ. ಲೇತ್ ಮಷೀನಿನ ಮುಂದೆ ಅರ್ಧ ದಿನ ನಿಂತು, ಮಧ್ಯಾಹ್ನದ ಮೇಲೆ ಬೂಟು ಹಾಕಿಕೊಂಡು ದೇಶದ ಅತಿ ಎತ್ತರದ ಲೀಗಿನಲ್ಲಿ ಆಡುವ ಮನುಷ್ಯರಿದ್ದರು ಎಂದರೆ ಇವತ್ತಿನವರು ನಂಬುವುದಿಲ್ಲ. ಗೆದ್ದರೆ ಮೇಲೆ, ಸೋತರೆ ಕೆಳಗಿನ ಡಿವಿಷನ್‌ಗೆ. ಆ ನಿಯಮಕ್ಕೆ ದೊಡ್ಡವರು ಸಣ್ಣವರು ಎಂಬ ಭೇದ ಇರಲಿಲ್ಲ.

ತೀರ್ಥೇಶನನ್ನು ಬೆಂಗಳೂರಿನ ಒಂದು ಕಾರ್ಖಾನೆ ಗುತ್ತಿಗೆಯ ಮೇಲೆ ತೆಗೆದುಕೊಂಡಿತು. ತಂಡದಲ್ಲಿ ಅವನಂಥ ಗುತ್ತಿಗೆಯವರು ಆರು ಜನ. ಎರಡನೇ ಡಿವಿಷನ್‌ನಲ್ಲಿ ಹೆಣಗಿ ಹೆಣಗಿ ಆ ತಂಡ ಮೇಲೆ ಬಂತು. ಕಾಲನಿಯ ಟಿವಿಯಲ್ಲಿ ಒಂದು ಸಂಜೆ ಅವನು ಕಾಣಿಸಿಕೊಂಡಾಗ ಶೇಷಪ್ಪನವರು ಪಕ್ಕದ ಕ್ವಾರ್ಟರ್ಸಿನವರನ್ನೆಲ್ಲ ಕೂಗಿ ಕರೆದರಂತೆ. ಅವರು ಬಂದು ಕೂರುವಷ್ಟರಲ್ಲಿ ಜಾಹೀರಾತು ಬಂತಂತೆ.

ಎರಡು ಸಾವಿರದ ಆರರ ಮೇ ತಿಂಗಳು. ಕೊನೆಯ ಪಂದ್ಯ. ಡ್ರಾ ಆದರೆ ಸಾಕು, ಲೀಗಿನಲ್ಲಿ ಉಳಿಯುತ್ತಾರೆ. ಎಂಬತ್ತೇಳನೆಯ ನಿಮಿಷದವರೆಗೂ ಗೋಲಿಲ್ಲ. ಎಡಗಡೆಯಿಂದ ಚೆಂಡು ಬಂತು. ಗೋಲ್‌ಕೀಪರ್ ಸತೀಶ ‘ಬಿಡು’ ಎಂದು ಕೂಗಿದ್ದು ಗದ್ದಲದಲ್ಲಿ ತೀರ್ಥೇಶನಿಗೆ ಕೇಳಲಿಲ್ಲ. ಕಾಲು ಚಾಚಿದ. ಚೆಂಡು ತನ್ನದೇ ಬಲೆಯೊಳಗೆ ಹೋಯಿತು.

ಹತ್ತು ದಿನ ಬಿಟ್ಟು ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ: ಲೀಗಿನಿಂದ ಕೆಳಗಿಳಿದ ಕಾರಣ ತಂಡವನ್ನು ವಿಸರ್ಜಿಸಲಾಗಿದೆ. ಕಾಯಂ ನೌಕರರು ಮಷೀನುಗಳ ಮುಂದೆ ಹೋಗಿ ನಿಂತರು. ಗುತ್ತಿಗೆಯ ಆರು ಜನ ಟ್ರಂಕು ಎತ್ತಿಕೊಂಡು ಗೇಟಿನ ಹೊರಗೆ ಬಂದರು. ಸತೀಶನೂ ಅವರಲ್ಲೊಬ್ಬ. ಗೇಟಿನ ಹತ್ತಿರ ಅವನು ತೀರ್ಥೇಶನಿಗೆ ಹೇಳಿದ್ದು ಇಷ್ಟೇ: “ಕೈ ಇದ್ದವ್ನು ನಾನು ಕಣೋ. ನೀನ್ಯಾಕೆ ಕಾಲು ಹಾಕ್ದೆ?”

ಆಮೇಲೆ ಅವರಿಬ್ಬರೂ ಭೇಟಿಯಾಗಿಲ್ಲ.

ತೀರ್ಥೇಶ ಊರಿಗೆ ಬಂದು ಲಾರಿ ಓಡಿಸಿದ, ನಂತರ ಬಸ್ಸು ಹಿಡಿದ. ಹದಿನಾರು ವರ್ಷದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಅವನ ರೂಟು. ದಿನಾ ಓಡಾಡುವವರಿಗೆಲ್ಲ ಅವನ ಕತೆ ಗೊತ್ತು.

“ರಿವರ್ಸ್ ತಗೊಳ್ಳುವಾಗ ಹುಷಾರು ಮಾರಾಯ,” ಎಂದು ಬಟ್ಟೆಮಲ್ಲಪ್ಪದಲ್ಲಿ ಹತ್ತುವ ಮೇಷ್ಟರೊಬ್ಬರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. “ನಿಂಗೆ ಹಿಂದಕ್ಕೆ ಹೊಡ್ದೇ ಅಭ್ಯಾಸ.”

“ಹೌದು ಮೇಷ್ಟ್ರೇ, ನೀವು ಹಿಂದೆ ನಿಲ್ಬೇಡಿ ಮತ್ತೆ,” ಎಂದು ಅವನೂ ನಗುತ್ತಾನೆ. ಬಸ್ಸಿಗೆ ಬಸ್ಸೇ ನಗುತ್ತದೆ. ಫುಟ್‌ಬಾಲ್ ಮಾತ್ರ ಅವನು ನೋಡುವುದಿಲ್ಲ, ಟಿವಿಯಲ್ಲೂ ಇಲ್ಲ, ಮೈದಾನದಲ್ಲೂ ಇಲ್ಲ. ಕಾರ್ಗಲ್ಲಿನ ಹಳೇ ಗೆಳೆಯರು ಊರಿನ ಪಂದ್ಯಾವಳಿಯಲ್ಲಿ ಗೆದ್ದವರಿಗೆ ಕಪ್ ಕೊಡಲು ಕರೆದಾಗ “ನಂದು ಡ್ಯೂಟಿ ಐತೆ” ಎಂದ. ರಜೆ ಹಾಕಿ ಮನೆಯಲ್ಲಿ ಕೂತಿದ್ದ. ಮದುವೆಯ ಮಾತು ಬಂದಾಗಲೂ, “ಐದು ಜನದ ಅನ್ನ ಕಳೆದವ್ನು ನಾನು, ಆರ್ನೇದು ಯಾಕೆ” ಎಂದು ತಂಗಿಯ ಹತ್ತಿರ ಹೇಳಿದ್ದನಂತೆ.

ಇಂಥವನ ಮೇಲೆ ನಾನು ಆ ಸಾಲು ಬರೆದೆ.

ಅಂಕಣ ಬಂದ ಮರುವಾರ ಒಂದು ಫೋನ್. “ನಾನು ನೇಮಿರಾಜ ಅಂತ, ಹೊಸನಗರದಿಂದ. ಆ ಕಾರ್ಖಾನೇಲಿ ಸ್ಪೋರ್ಟ್ಸ್ ಸೆಕ್ಷನ್ ಟೈಪಿಸ್ಟ್ ಆಗಿದ್ದೆ. ನೀವು ಬರ್ದಿದ್ದು ತಪ್ಪು ಸಾರ್. ಒಂದ್ಸಲ ಬಂದ್ಹೋಗ್ತೀರಾ?”

ಹೋದೆ. ನಿವೃತ್ತರಾಗಿ ಊರಿಗೆ ಬಂದು ನಾಲ್ಕು ವರ್ಷವಾದ ಸಣ್ಣ ದನಿಯ ಮನುಷ್ಯ. ಒಂದು ಪ್ಲಾಸ್ಟಿಕ್ ಕವರಿನಿಂದ ಹಾಳೆಯೊಂದನ್ನು ತೆಗೆದು ಕೊಟ್ಟರು. ಆಡಳಿತ ಮಂಡಳಿಯ ತೀರ್ಮಾನದ ಪ್ರತಿ, ಅವರೇ ಟೈಪ್ ಮಾಡಿದ್ದು. ತಾರೀಕು ಎರಡು ಸಾವಿರದ ಆರರ ಫೆಬ್ರವರಿ ಹದಿಮೂರು. ಈ ಋತು ಮುಗಿದ ಕೂಡಲೇ, ಲೀಗಿನಲ್ಲಿ ಯಾವ ಸ್ಥಾನ ಬಂದರೂ ಸರಿ, ತಂಡವನ್ನು ಮುಚ್ಚತಕ್ಕದ್ದು. ಆಟಗಾರರ ಮನೋಬಲ ಕುಗ್ಗುವುದರಿಂದ ಕೊನೆಯ ಪಂದ್ಯದವರೆಗೆ ಅವರಿಗೆ ತಿಳಿಸತಕ್ಕದ್ದಲ್ಲ.

ಮನೋಬಲವಂತೆ! ಕೊಯ್ಯುವ ದಿನ ಗೊತ್ತು ಮಾಡಿಟ್ಟುಕೊಂಡು ಕೋಳಿಗೆ ಕಾಳು ಹಾಕುವವರೂ ಇಷ್ಟು ಚೆಂದದ ಮಾತು ಆಡುವುದಿಲ್ಲ. ತೀರ್ಥೇಶನ ಕಾಲಿಗೆ ಚೆಂಡು ತಗಲುವ ಮೂರು ತಿಂಗಳ ಮೊದಲೇ ಆ ತಂಡ ಸತ್ತಿತ್ತು. ಸತ್ತ ತಂಡವನ್ನು ಉಳಿಸಲು ಹನ್ನೊಂದು ಜನ ಬೆವರು ಹರಿಸುತ್ತಿದ್ದರು. ಅವನು ಗೋಲು ಹೊಡೆದ, ಮೇಲಿನವರಿಗೆ ನೋಟಿಸಿನಲ್ಲಿ ಬರೆಯಲು ಒಂದು ಕಾರಣ ಸಿಕ್ಕಿತು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ಎಂದೆ.

“ನಂದು ಕಾಯಂ ನೌಕರಿ ಆಗಿತ್ತು ಸಾರ್,” ಎಂದರು ನೇಮಿರಾಜರು. ಖಾಲಿ ಕವರನ್ನು ಮಡಿಸುತ್ತ, “ಈಗ ಪೆನ್ಶನ್ ಬರ್ತದೆ,” ಎಂದರು.

ಮರುದಿನವೇ ಇಬ್ಬರೂ ಹೊಸನಗರದಲ್ಲಿ ತೀರ್ಥೇಶನ ಬಸ್ಸು ಹತ್ತಿದೆವು. ಅವನ ಹೆಗಲ ಮೇಲಿನ ಹೊರೆ ಇಳಿಸಲು ಹೊರಟಿದ್ದೇನೆ ಎಂಬ ಸಂತೋಷ ನನಗೆ. ತೀರ್ಥಹಳ್ಳಿಯಲ್ಲಿ ಅವನಿಗೆ ನಲವತ್ತು ನಿಮಿಷ ಬಿಡುವು. ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತೆವು.

ನೇಮಿರಾಜರನ್ನು ಕಂಡು ತೀರ್ಥೇಶನ ಮುಖ ಅರಳಿತು. “ಓ, ನೇಮಿರಾಜ್ ಸಾರ್! ಕೂದ್ಲೆಲ್ಲ ಎಲ್ಲಿಟ್ಟು ಬಂದ್ರಿ? ಬೆಂಗ್ಳೂರಲ್ಲೇ ಬಿಟ್ರಾ?”

ಅವರು ನಗಲಿಲ್ಲ. ಹಾಳೆಯನ್ನು ಅವನ ಮುಂದಿಟ್ಟರು. ನಾನು ವಿವರಿಸಿದೆ. ಕೊನೆಗೆ, “ನಿನ್ನಿಂದ ಏನೂ ಆಗಿಲ್ಲಪ್ಪ. ಆವತ್ತು ನೀವು ಗೆದ್ದಿದ್ರೂ ಮುಚ್ತಿದ್ರು,” ಎಂದೆ.

ತೀರ್ಥೇಶ ಹಾಳೆ ಎತ್ತಿಕೊಂಡು ಓದಿದ. ಮತ್ತೆ ಓದಿದ. ಚಹಾ ತಣ್ಣಗಾಯಿತು. ಅವನು ಅಳಬಹುದು, ಇಲ್ಲವೇ ನನ್ನ ಕೈ ಹಿಡಿಯಬಹುದು ಎಂದುಕೊಂಡಿದ್ದೆ. ಅವನ ಬೆರಳು ತಾರೀಕಿನ ಮೇಲೆ ನಿಂತಿತ್ತು.

“ಫೆಬ್ರವರಿನಾ?”

“ಹೌದು,” ಎಂದರು ನೇಮಿರಾಜರು.

“ಅಪ್ಪಂಗೆ ಕಾಯಿಲೆ ಜೋರಾಗಿದ್ದು ಏಪ್ರಿಲಲ್ಲಿ.”

ನೇಮಿರಾಜರು ತಲೆ ತಗ್ಗಿಸಿದರು. ನನಗೆ ಅರ್ಥವಾಗಲಿಲ್ಲ. ತೀರ್ಥೇಶ ನನ್ನ ಕಡೆ ತಿರುಗಿ, ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ ಹೇಳಿದ:

“ಅಪ್ಪನ್ನ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ರು ಸಾರ್. ತಂಗಿ ಸೆಕ್ಷನ್ನಿಗೆ ಫೋನ್ ಮಾಡಿದ್ಳು. ಎತ್ತಿದ್ದು ಇವ್ರೇ. ಗ್ರೌಂಡಿಗೆ ಬಂದು ಹೇಳಿದ್ದೂ ಇವ್ರೇ. ನಾನು ಬ್ಯಾಗ್ ತಗೊಂಡು ಹೊರಟಿದ್ದೆ. ಮ್ಯಾನೇಜರ್ರು, ‘ಮೂರೇ ಮ್ಯಾಚು ತೀರ್ಥೇಶ್, ಈಗ ನೀ ಹೋದ್ರೆ ತಂಡ ಉಳಿಯಲ್ಲ, ಉಳೀದಿದ್ರೆ ಆರು ಜನ ಬೀದಿಗೆ ಬೀಳ್ತಾರೆ’ ಅಂದ್ರು. ಇವ್ರು ಪಕ್ಕದಲ್ಲೇ ನಿಂತಿದ್ರು. ನಾನು ಬ್ಯಾಗ್ ಕೆಳಗಿಟ್ಟೆ. ಎರಡ್ನೇ ಮ್ಯಾಚಿನ ದಿನ ಅಪ್ಪ ಹೋಯ್ತು. ನಾನು ಕಾರ್ಗಲ್ಲಿಗೆ ಬಂದಾಗ ಬೂದಿ ತುಂಬೋದಷ್ಟೇ ಉಳಿದಿತ್ತು.”

ನೇಮಿರಾಜರು “ತೀರ್ಥೇಶ್…” ಎಂದರು.

“ನೀವು ಒಂದ್ಮಾತು ಹೇಳಿದ್ರೆ ನಾನು ಹೋಗ್ತಿದ್ದೆ ಸಾರ್. ‘ಹೋಗೋ’ ಅಂದಿದ್ರೂ ಸಾಕಿತ್ತು. ಕಾರಣ ಹೇಳೋದೂ ಬೇಡಾಗಿತ್ತು.”

ಹತ್ತೊಂಬತ್ತು ವರ್ಷ ಅವನು ತನ್ನನ್ನು ಒಂದು ಗೋಲಿಗಾಗಿ ಶಪಿಸಿಕೊಂಡಿದ್ದ. ಆದರೆ ತಂದೆಯ ಬಳಿ ಹೋಗದೆ ಉಳಿದದ್ದು ಒಂದು ದೊಡ್ಡ ಕೆಲಸಕ್ಕಾಗಿ ಎಂಬ ನಂಬಿಕೆ ಅವನಲ್ಲಿ ಉಳಿದಿತ್ತು. ಗೋಲಿನ ಪಾಪ ತೊಳೆಯಲು ಹೋದ ನಾನು ಆ ನಂಬಿಕೆಯನ್ನೂ ತೊಳೆದು ಬಂದೆ.

ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಇರುವುದು ನನಗೆ. ಆ ಲೀಗಿನ ಹೆಸರು ಮರುವರ್ಷವೇ ಬದಲಾಯಿತು. ಮುಂದೆ ಸಿನಿಮಾದವರು, ಉದ್ಯಮಿಗಳು, ಕ್ರಿಕೆಟಿಗರೆಲ್ಲ ಸೇರಿ ಇನ್ನೊಂದು ಲೀಗು ಕಟ್ಟಿದರು. ಕೆಲ ವರ್ಷಗಳಲ್ಲಿ ಅದೇ ದೇಶದ ಅತಿ ಎತ್ತರದ ಲೀಗು ಎನಿಸಿಕೊಂಡಿತು. ಅದರಲ್ಲಿ ಇಷ್ಟು ವರ್ಷ ಯಾರು ಎಷ್ಟೇ ಸೋತರೂ ಕೆಳಗೆ ಬೀಳಲಿಲ್ಲ. ಕೊನೆಯ ಸ್ಥಾನದವರೂ ಮುಂದಿನ ವರ್ಷ ಹೊಸ ಜೆರ್ಸಿ ಹಾಕಿಕೊಂಡು ಅದೇ ಜಾಗದಲ್ಲಿ ನಗುತ್ತ ನಿಂತರು. ಬೀಳುವ ಭಯವನ್ನು ನಮ್ಮ ದೇಶ ಗುತ್ತಿಗೆಯ ಕಾಲುಗಳಿಗೆ ಮಾತ್ರ ಇಟ್ಟುಕೊಂಡಿತ್ತು. ಈಗ ಆ ದೊಡ್ಡ ಲೀಗೂ ನಿಂತಾಗ, ಎಲ್ಲರೂ ಸಭೆ ಕರೆದರು, ಪತ್ರ ಬರೆದರು, ಕೋರ್ಟಿಗೆ ಹೋದರು. ಅಂದು ಕಾರ್ಖಾನೆಯ ಗೇಟಿನ ಹೊರಗೆ ಟ್ರಂಕು ಹಿಡಿದು ನಿಂತವರಿಗಾಗಿ ಒಂದು ಪೋಸ್ಟ್‌ಕಾರ್ಡನ್ನೂ ಯಾರೂ ಬರೆದಿರಲಿಲ್ಲ.

ಕಂಡಕ್ಟರ್ ಬಂದು, “ಅಣ್ಣಾ, ಟೈಮಾಯ್ತು, ಜನ ಬೈತಾ ಇದಾರೆ,” ಎಂದ. ತೀರ್ಥೇಶ ಎದ್ದ. ನೇಮಿರಾಜರ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, “ವಾಪಸ್ ಇದೇ ಬಸ್ಸಲ್ಲಿ ಬರ್ತೀರಲ್ಲ? ಮುಂದಿನ ಸೀಟು ಹಿಡ್ಕೊಳ್ಳಿ, ಹಿಂದೆ ಕುಲುಕ್ತದೆ,” ಎಂದ.

ನೇಮಿರಾಜರು ಹೊಸನಗರದಲ್ಲಿ ಇಳಿದ ಮೇಲೆ ನಾನು ಸಾಗರದವರೆಗೆ ಇಂಜಿನ್ನಿನ ಪಕ್ಕ ಕೂತು ಬಂದೆ. ಇದನ್ನು ಬರೆಯಲೇ ಎಂದು ಕೇಳಿದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ.

“ಬರೀರಿ ಸಾರ್. ಸತೀಶ ಎಲ್ಲಿದಾನೋ. ಉಳಿದೋರು ಎಲ್ಲೆಲ್ಲಿದಾರೋ. ಯಾರಾದ್ರೂ ಓದಿ ಅವ್ರಿಗೆ ಹೇಳ್ಲಿ. ನನ್ನ ಬೈಯೋದು ಬಿಡ್ಲಿ ಅಂತಲ್ಲ. ಅವ್ರೂ ಆ ವರ್ಷ ಏನೇನು ಬಿಟ್ಟು ಆಡಿದ್ರೋ, ಲೆಕ್ಕ ಹಾಕ್ಕೊಳ್ಳಿ.”

ಆಮೇಲೆ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ.

“ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು. ಅಪ್ಪ ಹೋದಾಗ ಮಗ ಯಾಕೆ ಬರ್ಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಈಗ್ಲೂ ಅಮ್ಮ, ‘ಅವ್ನು ಬಂದಿದ್ರೆ ಆರು ಮನೆ ಒಲೆ ಆರ್ತಿತ್ತು, ನಮ್ಮನೆಯವ್ರೇ ಬರೋದು ಬೇಡ ಅಂದಿದ್ರು’ ಅಂತಾಳೆ. ಅಪ್ಪ ಹಂಗೆ ಅಂದಿರ್ಲಿಲ್ಲ ಸಾರ್. ಅಪ್ಪ ಕೊನೇವರ್ಗೂ ಕರೀತಿತ್ತಂತೆ. ತಂಗಿ ಹೇಳಿದಾಳೆ.”

ಅವನ ತಾಯಿಗೆ ಎಪ್ಪತ್ತೆಂಟು. ಕಾರ್ಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂಜಾಗಿ ಅಕ್ಷರ ಕಾಣುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತು, ಹಾದು ಹೋಗುವವರನ್ನು ಕರೆದು ಪೇಪರಿನಲ್ಲಿ ಏನು ಬಂದಿದೆ ಎಂದು ಕೇಳುವ ಅಭ್ಯಾಸ ಅವರಿಗಿದೆಯಂತೆ. ಕಾರ್ಗಲ್ಲಿನ ಓದುಗರೇ, ಇವತ್ತು ಅವರು ಕರೆದರೆ ಮಳೆಯ ಸುದ್ದಿ ಹೇಳಿ, ಅಣೆಕಟ್ಟಿನಲ್ಲಿ ನೀರೆಷ್ಟಿದೆ ಎಂದು ಹೇಳಿ. ಈ ಪುಟವನ್ನು ಮಾತ್ರ ಓದಬೇಡಿ.