ಕಾಲು ಕೊಡದ ಗಿಲ್ಸು

ಪ್ಯೋ ಗಿಲ್ಸುವಿನ ಕಾಲುಗಳು ಒಂದು ಕಡೆ ನಿಂತದ್ದನ್ನು ಕೊರಿಯಾದ ಚುಂಗ್ಜು ಊರಿನಲ್ಲಿ ಕಂಡವರಿರಲಿಲ್ಲ. ತನ್ನ ಅಕ್ಕಿಕಡುಬಿನ ಗಿರಣಿಯಲ್ಲಿ ಹಬೆಯ ಮುಂದೆ ನಿಂತಿರಲಿ, ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತಿರಲಿ, ಒಂದು ಕಾಲು ಮುಂದೆ, ಒಂದು ಹಿಂದೆ, ನಡುವೆ ಮೊಣಕಾಲಲ್ಲಿ ಸಣ್ಣದೊಂದು ಕುಸಿತ. ತನ್ನಪ್ಪನ ಶವದ ಮುಂದೆಯೂ ಈ ಮನುಷ್ಯ ಕುಣಿಯುತ್ತಿದ್ದ ಎಂದು ಹೆಂಡತಿ ಯೊಂಗ್ಸಿಮ್ ಇವತ್ತಿಗೂ ಹಂಗಿಸುತ್ತಾಳೆ. ಅದು ಕುಣಿತವಲ್ಲ, ತೆಕ್ಕ್ಯೊನ್ ಎಂಬ ಕಾಲ್ಕುಸ್ತಿಯ ಆಟದ ಹೆಜ್ಜೆ ಎಂದು ಗಿಲ್ಸುವಿನ ವಾದ.

ಹುಡುಗನಾಗಿದ್ದಾಗ ಅದನ್ನು ಹೊಳೆದಂಡೆಯಲ್ಲಿ ಅವನಿಗೆ ಹೇಳಿಕೊಟ್ಟವನು ಒಬ್ಬ ಗಾಡಿ ಹೊಡೆಯುವ ಮುದುಕ. ಜಪಾನಿನವರ ಆಳ್ವಿಕೆಯಲ್ಲಿ ಅವರ ಪೊಲೀಸರ ಕಣ್ಣು ತಪ್ಪಿಸಿ ತಾನು ಕಲಿತದ್ದು ಎಂದು ಮುದುಕ ಹೇಳುತ್ತಿದ್ದ. ಒದ್ದರೆ ಎದುರಿನವನು ಬೀಳಬೇಕು, ಮುರಿಯಬಾರದು. ತನ್ನದೊಂದು ಕಾಲನ್ನು ಸದಾ ಎದುರಿನವನಿಗೆ ಎಟುಕುವ ಹಾಗೆ ಮುಂದಿಟ್ಟಿರಬೇಕು, ಮನೆಗೆ ಬಂದವನಿಗೆ ಊಟ ಇಟ್ಟ ಹಾಗೆ. ಅದಕ್ಕೆ ಆತಿಥ್ಯ ಎಂದೇ ಹೆಸರು. ಅದಿಲ್ಲದಿದ್ದರೆ ಅದು ಆಟವಲ್ಲ, ಬೀದಿಜಗಳ.

ತಲೆ ನರೆತ ಮೇಲೆ ಗಿಲ್ಸು ಊರಿನ ಸಭಾಭವನದ ಹಿಂದಿನ ಅಂಗಳದಲ್ಲಿ ಸಂಜೆ ಹೊತ್ತು ಪಾಠ ಶುರುಮಾಡಿದ. ಮಕ್ಕಳಿಲ್ಲದ ಮನೆ, ಗಿರಣಿಯಲ್ಲಿ ಯೊಂಗ್ಸಿಮ್‌ಳದೇ ಆಡಳಿತ. ಅವನನ್ನು ಯಾರಾದರೂ "ಮೇಷ್ಟ್ರೇ" ಎಂದು ಕರೆಯುತ್ತಿದ್ದರೆ ಅದು ಆ ಅಂಗಳದಲ್ಲಿ ಮಾತ್ರ.

ಆಟದ ಮೂಲ ಯಾವುದು ಎಂದರೆ, ಮೇಲ್ಕೇರಿ ಕೆಳಕೇರಿಯ ಹುಡುಗರು ದಾನೋ ಹಬ್ಬಕ್ಕೆ ಆಡುತ್ತಿದ್ದರು ಎಂದಷ್ಟೇ ಮುದುಕ ಹೇಳಿದ್ದ. ಮೇಷ್ಟ್ರಾದವನಿಗೆ ಇಷ್ಟು ಸಾಲದು. ಮೊದಲ ವರ್ಷ ಗಿಲ್ಸು ಆಟವನ್ನು ಹಳೆಯ ರಾಜರ ಗೋರಿಗೋಡೆಯ ಚಿತ್ರಗಳವರೆಗೆ ಕೊಂಡೊಯ್ದ. ಬರಬರುತ್ತಾ ಗೋರಿಯೂ ಸಣ್ಣದಾಗಿ ಕಂಡಿತು. ಕೊನೆಗೆ, ಪುರಾಣದಲ್ಲಿ ಹೇಳುವ ಹಾಗೆ ಗುಹೆಯಲ್ಲಿ ಬೆಳ್ಳುಳ್ಳಿ ತಿಂದು ಹೆಣ್ಣಾಗಿ ನಮ್ಮ ಕುಲಕ್ಕೇ ತಾಯಿಯಾದ ಕರಡಿ ಇದೇ ಹೆಜ್ಜೆ ಹಾಕುತ್ತಾ ಹೊರಬಂದಿರಬೇಕು ಎಂದುಬಿಟ್ಟ.

"ರೀ, ಆ ಕರಡೀನಾದ್ರೂ ಬಿಟ್ಬಿಡಿ," ಎಂದಳು ಯೊಂಗ್ಸಿಮ್. "ಪಾಪ, ಬರೀ ಬೆಳ್ಳುಳ್ಳಿ ತಿಂದು ಮೊದ್ಲೇ ಸುಸ್ತಾಗಿತ್ತು."

ಇಷ್ಟೆಲ್ಲ ಹೇಳಿದರೂ ಗಿಲ್ಸು ಆತಿಥ್ಯದ ಪಾಠವನ್ನು ಬಾಯಲ್ಲಿ ಮಾತ್ರ ಮಾಡುತ್ತಿದ್ದ. ಯಾರ ಮುಂದೆಯೂ ತಾನು ಕಾಲಿಟ್ಟು ಆಡಿ ಎಷ್ಟೋ ವರ್ಷವಾಗಿತ್ತು. ಮೊಣಕಾಲು ನೋವು ಎನ್ನುತ್ತಿದ್ದ. ನೋವೇನೋ ಇತ್ತು, ಬೀಳುವ ಭಯ ಅದಕ್ಕಿಂತ ಜೋರಾಗಿತ್ತು.

ಅಂಥವನು ಒಂದು ಸಂಜೆ ಅಕ್ಕಿಹೆಂಡದ ಅಂಗಡಿಯಲ್ಲಿ, ಕೆಳಕೇರಿಯವರು ಯಾರಾದರೂ ತನ್ನನ್ನು ಕೆಡವಿದರೆ ಅವತ್ತಿಗೇ ತನ್ನ ಪಾಠ ಬಂದ್ ಎಂದು ಬಟ್ಟಲು ಕುಟ್ಟಿ ಸಾರಿದ. ಮೂಲೆಯಲ್ಲಿ ಕೂತಿದ್ದ ತಕ್ ಬೊಂಗ್ನಾಮ್ ಬಾಯಿ ಒರೆಸಿಕೊಂಡ. ಬಸ್ಸು ಓಡಿಸಿ ನಿವೃತ್ತನಾದ ಕೆಳಕೇರಿಯವನು, ಅದೇ ಮುದುಕನ ಹತ್ತಿರ ಗಿಲ್ಸುವಿನ ಜೊತೆಯಲ್ಲಿ ಕಲಿತವನು.

"ದಾನೋಗೆ ಬರ್ತೀನಿ, ಅಣ್ಣ," ಎಂದ, ಅಷ್ಟೇ.

ಆಮೇಲಿನ ದಿನಗಳಲ್ಲಿ ಗಿರಣಿಯ ಕಡುಬಿಗೆ ಒಮ್ಮೆ ಉಪ್ಪೇ ಬೀಳಲಿಲ್ಲ, ಒಮ್ಮೆ ಎರಡು ಸಲ ಬಿತ್ತು. ಗಿಲ್ಸು ತಿರುಗಾಡುತ್ತಾ ಉಂಡ, ತಿರುಗಾಡುತ್ತಾ ಸುದ್ದಿ ಕೇಳಿದ. ನೆಲ ಸವೆಯುತ್ತದೆ, ಒಂದು ಕಡೆ ಕೂತುಕೊಳ್ಳಿ ಎಂದು ಯೊಂಗ್ಸಿಮ್ ಗದರಿದರೆ, ಕೂತಲ್ಲೇ ಹಿಮ್ಮಡಿ ಕುಟ್ಟಿದ.

ಹಬ್ಬದ ದಿನ ಹೊಳೆದಂಡೆಯಲ್ಲಿ ಚಾಪೆ ಹಾಸಿದರು. ಗಿಲ್ಸು ಅದ್ಭುತವಾಗಿ ಹೆಜ್ಜೆ ಹಾಕಿದ. ಬಲಕ್ಕೆ ತೂಗಿದ, ಎಡಕ್ಕೆ ಜಾರಿದ, "ಇಕ್, ಎಕ್" ಎಂದು ಕೂಗಿದ. ಶಿಷ್ಯರು ಚಪ್ಪಾಳೆ ತಟ್ಟಿದರು. ಬೊಂಗ್ನಾಮ್ ತನ್ನ ದಪ್ಪ ಕಾಲನ್ನು ಚಾಪೆಯ ನಡುವೆ ಇಟ್ಟುಕೊಂಡು ಕಾದ. ಗಿಲ್ಸುವಿನ ಕಾಲು ಮಾತ್ರ ಒಮ್ಮೆಯೂ ಎಟುಕುವಲ್ಲಿ ನಿಲ್ಲಲಿಲ್ಲ. ಇಟ್ಟ ಅನ್ನುವಷ್ಟರಲ್ಲಿ ಹಿಂದಕ್ಕೆ. ಚಪ್ಪಾಳೆ ತೆಳ್ಳಗಾಯಿತು.

ಬೊಂಗ್ನಾಮ್ ಕೈ ಇಳಿಸಿದ. "ಅಣ್ಣ, ನಿಮ್ಮನೆಗೆ ಬಂದು ಇಷ್ಟೊತ್ತಾಯ್ತು. ಊಟ ಇದ್ಯೋ, ಎದ್ದು ಹೋಗ್ಲೋ?"

ಜನ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವರು ಶಿಷ್ಯರು. ಆ ಮಾತನ್ನು ದಿನಾ ಸಂಜೆ ಕೇಳಿಸಿಕೊಂಡವರಲ್ಲವೇ.

ಆಗ ಚುಂಗ್ಜು ಎಂದೂ ನೋಡದ್ದನ್ನು ನೋಡಿತು. ಗಿಲ್ಸುವಿನ ಕಾಲು ನಿಂತಿತು. ಅವನು ಎಡಗಾಲನ್ನು, ಆ ನೋವಿನ ಕಾಲನ್ನೇ, ಮುಂದಿಟ್ಟು ಅಲ್ಲೇ ಬಿಟ್ಟ. ಬೊಂಗ್ನಾಮ್ ಒಂದು ಗಳಿಗೆ ತಡೆದು, ಪಾದದಿಂದ ಅದರ ಹಿಮ್ಮಡಿಯನ್ನು ಮೆತ್ತಗೆ ಎಳೆದ. ಗಿಲ್ಸು ಅಕ್ಕಿಮೂಟೆ ಇಳಿಸಿದಂತೆ ಕುಳಿತುಬಿಟ್ಟ.

ಆಡಿದ ಮಾತಿಗೆ ತಪ್ಪಲಿಲ್ಲ. ಮಾರನೆಯ ಸಂಜೆಯಿಂದ ಅಂಗಳದಲ್ಲಿ ಪಾಠ ಹೇಳಿದವನು ಬೊಂಗ್ನಾಮ್. ಗಿಲ್ಸು ಗಿರಣಿಯಲ್ಲೇ ಉಳಿದ, ಹಿಟ್ಟಿನ ಸುತ್ತ ತಿರುಗಿದ. ಮೂರನೆಯ ದಿನಕ್ಕೆ ಯೊಂಗ್ಸಿಮ್ ಅವನ ಕೈಗೆ ಕಡುಬಿನ ಬುಟ್ಟಿ ಕೊಟ್ಟು, ಅಂಗಳಕ್ಕೆ ಮುಟ್ಟಿಸಿ ಬನ್ನಿ, ಇಲ್ಲಿ ನಿಮ್ಮ ಕಾಲು ನೋಡಿ ನೋಡಿ ನನಗೆ ತಲೆ ತಿರುಗುತ್ತಿದೆ ಎಂದು ಹೊರಗೆ ಅಟ್ಟಿದಳು.

ಬುಟ್ಟಿ ಇಳಿಸಿ ಹಿಂದಿನ ಸಾಲಿನ ತುದಿಯಲ್ಲಿ ನಿಂತ. ಕಾಲು ತನ್ನಷ್ಟಕ್ಕೆ ಶುರುವಾಯಿತು. ನೋಡನೋಡುತ್ತಾ ಇಡೀ ಸಾಲು ಬೊಂಗ್ನಾಮ್‌ನನ್ನು ಬಿಟ್ಟು ಹಿಂದಕ್ಕೆ ಕತ್ತು ತಿರುಗಿಸಿ ಆ ಕಾಲನ್ನೇ ನೋಡತೊಡಗಿತು. ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಅಂಚೆಕಚೇರಿಯ ಹೆಂಗಸೊಬ್ಬಳು, ಈ ಆಟ ಎಲ್ಲಿಂದ ಬಂತು ಎಂದು ಕೇಳಿದಳು. ಬೊಂಗ್ನಾಮ್ ಗಿಲ್ಸುವಿನ ಕಡೆಗೆ ಗದ್ದ ಎತ್ತಿ ತೋರಿಸಿದ.

ಕರಡಿ ನಾಲಗೆಯ ತುದಿಗೆ ಬಂದಿತ್ತು. ಗಿಲ್ಸು ಅದನ್ನು ನುಂಗಿಕೊಂಡ.

"ಗಾಡಿ ಹೊಡೆಯೋ ಒಬ್ಬ ಮುದುಕ ಹೇಳ್ಕೊಟ್ಟ, ಅಲ್ಲಿ ಹೊಳೆದಂಡೇಲಿ. ಅವ್ನಿಗೆ ಯಾರು ಹೇಳ್ಕೊಟ್ರೋ, ನಾನು ಕೇಳ್ಲಿಲ್ಲ ಕಣಮ್ಮ. ನಿಂತು ಕೇಳೋಣ ಅಂದ್ರೆ, ಈ ಕಾಲು ಎಲ್ಲಿ ನಿಲ್ತಿತ್ತು?"