ದುಲಿಯಾ ಹೇಳಿದ ಹಳದಿ

ಎಲಿಗಿಯೊನಿಗೆ ಈಜು ಬಾರದು. ಆಯುಷ್ಯವೆಲ್ಲ ಕುವೆರ್ನವಾಕಾ ಊರಿನ ಸಿರಿವಂತರೊಬ್ಬರ ಮನೆಯ ಈಜುಕೊಳ ನೋಡಿಕೊಂಡವನು, ಒಂದು ದಿನವೂ ಮೊಣಕಾಲಿಗಿಂತ ಮೇಲೆ ನೀರಿಗಿಳಿಯಲಿಲ್ಲ. ಕೇಳಿದರೆ, "ನೀನೇನು ಸಾರಿನ ಪಾತ್ರೆಯೊಳಗೆ ಕೂತ್ಕೊಂಡು ಅಡುಗೆ ಮಾಡ್ತೀಯಾ, ನಾತಿ?" ಎಂದು ನನಗೇ ತಿರುಗಿಸಿ ಕೊಡುತ್ತಿದ್ದ. ಅದೇ ಮನೆಯ ಅಡುಗೆಯವಳು ನಾನು. ನನ್ನ ಬಾಯಿಗೆ ಹೆದರದೆ ಮಾತಾಡುತ್ತಿದ್ದವನು ಅವನೊಬ್ಬನೇ.

ನಮ್ಮೂರಲ್ಲಿ ಮನೆಗಳು ರಾಜಧಾನಿಯವರವು, ಅವುಗಳಲ್ಲಿ ವಾರವೆಲ್ಲ ಇರುವವರು ನಾವು. ಶನಿವಾರ ಅವರು ಕಾರಿನಲ್ಲಿ ಬಂದು ದುಡುಮ್ಮನೆ ನೀರಿಗೆ ಬೀಳುತ್ತಾರೆ, ಭಾನುವಾರ ಹೊರಟುಹೋಗುತ್ತಾರೆ. ಆ ಒಂದು ಮುಳುಗಿಗಾಗಿ ಎಲಿಗಿಯೊ ಸೋಮವಾರದಿಂದಲೇ ಬಲೆ ಹಿಡಿದು ನೀರಿಗುದುರಿದ ಜಕರಾಂಡಾ ಹೂವು ಎತ್ತುತ್ತಿದ್ದ, ಗೋಡೆ ಉಜ್ಜುತ್ತಿದ್ದ. ಸಂಬಳದ ಜೊತೆಗೆ ಅವನಿಗೂ ಹೆಂಡತಿ ದುಲಿಯಾಳಿಗೂ ಹಿತ್ತಲಲ್ಲೊಂದು ಕೋಣೆ ಕೊಟ್ಟಿದ್ದರು. ಮಕ್ಕಳಿಲ್ಲ, ಬೇರೆ ಸೂರಿಲ್ಲ. ಆ ಕೋಣೆಯಲ್ಲೇ ಇಬ್ಬರಿಗೂ ತಲೆ ನರೆಯಿತು.

ಆಮೇಲೆ ಮನೆಯೊಡತಿ ಗ್ರಾಸಿಯೆಲಾ ಅಮ್ಮಾವ್ರು ಕೊಳಕ್ಕೆ ಉಪ್ಪಿನ ಯಂತ್ರ ಹಾಕಿಸಿದರು. ನೀರಿಗೆ ಉಪ್ಪು ಸುರಿದರೆ ಸಾಕು, ಕ್ಲೋರಿನ್ನನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಆದರೆ ಅದು ಓಡಿದಷ್ಟೂ ನೀರಿನ ಪಿಎಚ್ ಏರುತ್ತಾ ಹೋಗುತ್ತದೆ, ಇಳಿಸಲು ಆಗಾಗ ಆಸಿಡ್ ಹಾಕಬೇಕು. ಅದನ್ನು ನೋಡಲು ಎರಡು ಗಾಜಿನ ನಳಿಗೆಗಳು. ಕೊಳದ ನೀರು ತುಂಬಿ ಎರಡಕ್ಕೂ ಬೇರೆ ಬೇರೆ ಔಷಧದ ಹನಿ ಹಾಕುತ್ತಾರೆ. ಮೊದಲನೆಯದು ತೆಳು ಹಳದಿಯಾದರೆ ಕ್ಲೋರಿನ್ ಸರಿಯಾಗಿದೆ. ಎರಡನೆಯದು ಕಿತ್ತಳೆಗೆಂಪಾದರೆ ಪಿಎಚ್ ಸರಿಯಾಗಿದೆ, ನೇರಳೆಗೆ ತಿರುಗಿದರೆ ಏರಿದೆ ಎಂದರ್ಥ. ಎಲಿಗಿಯೊ ಇದನ್ನೆಲ್ಲ ಬೇಗ ಕಲಿತ. ಕಲಿತು ಏನು ಬಂತು, ಆ ಹೊತ್ತಿಗೆ ಅವನ ಕಣ್ಣೇ ಕೈಕೊಟ್ಟಿತು. ಪೊರೆ ಬಂದಿರಬೇಕು, ತೆಗೆಸಿದರಾಯಿತು ಅಂದುಕೊಂಡಿದ್ದೆವು. ಒಳಗಿನ ನರವೇ ಒಣಗಿದೆ, ಏನೂ ಮಾಡಲಿಕ್ಕಾಗುವುದಿಲ್ಲ ಎಂದುಬಿಟ್ಟರು ಡಾಕ್ಟರು.

ಅಂದಿನಿಂದ ಬಣ್ಣ ನೋಡುವವಳು ದುಲಿಯಾ ಆದಳು. ಅವನು ಹನಿ ಹಾಕಿ ನಳಿಗೆಯನ್ನು ಬೆಳಕಿಗೆ ಹಿಡಿಯುತ್ತಿದ್ದ, ಅವಳು ಬಣ್ಣ ಹೇಳುತ್ತಿದ್ದಳು. ಅಮ್ಮಾವ್ರಿಗೆ ಈ ಸುದ್ದಿ ಹೋಗದಂತೆ ನಾವು ಮೂವರೂ ಬಾಯಿ ಹೊಲಿದುಕೊಂಡಿದ್ದೆವು.

"ನಿನ್ನ ಮುದುಕನಿಗೆ ನೀನೇ ಕನ್ನಡಕ ಆದ್ಯಲ್ಲೇ," ಎಂದು ನಾನು ರೇಗಿಸಿದರೆ, "ಒರೆಸಿಡೋ ಕೆಲಸ ಇಲ್ಲ ನೋಡು," ಎಂದು ನಗುತ್ತಿದ್ದಳು.

ಒಂದು ಸಲ ಈಸ್ಟರ್ ಹಬ್ಬದ ಪವಿತ್ರ ವಾರದಲ್ಲಿ ಕ್ಲೋರಿನ್ ಸಾಲದೆ ಪಾಚಿ ಬೆಳೆದು ನೀರು ಹಸಿರಿಗೆ ತಿರುಗಿತು. ಮರುವರ್ಷ ಹಬ್ಬಕ್ಕೆ ಮುಂಚೆಯೇ ಅಮ್ಮಾವ್ರು ಫೋನು ಮಾಡಿದರು. "ಎಲಿಗಿಯೊ, ಈ ಸಲಾನೂ ನೀರು ಕೆಟ್ರೆ ಕಂಪನಿಯವರಿಗೆ ವಹಿಸಿಬಿಡ್ತೀನಿ. ಆಮೇಲೆ ಕೋಣೆ ಬಿಡು ಅಂದ್ರೆ ಬೇಜಾರು ಮಾಡ್ಕೋಬೇಡ." ಎಷ್ಟು ಸಲೀಸಾಗಿ ಅಂದುಬಿಟ್ಟರು! ಫೋನಿಟ್ಟ ಎಲಿಗಿಯೊನ ಮುಖ ಬೂದಿ ಬಳಿದಂತಾಗಿತ್ತು.

ಹಸಿರಿನ ಭಯಕ್ಕೆ ಅವನು ಯಂತ್ರವನ್ನು ಪೂರ್ತಿ ಜೋರಿಗೆ ತಿರುಗಿಸಿ ಹಾಗೇ ಬಿಟ್ಟ. ವಾರವೆಲ್ಲ ನೀರಿಗೆ ಯಾರೂ ಇಳಿಯಲಿಲ್ಲ, ಕ್ಲೋರಿನ್ ಮಾತ್ರ ಸೇರುತ್ತಲೇ ಹೋಯಿತು. ಶುಭ ಶುಕ್ರವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರೂ ನಳಿಗೆ ಹಿಡಿದು ಕೊಳದ ಅಂಚಿನಲ್ಲಿ ಕೂತಿದ್ದರು. ಅಡುಗೆಮನೆ ಕಿಟಕಿಯಿಂದ ಅವರ ಮಾತು ನನಗೆ ಕೇಳುತ್ತಿತ್ತು.

"ಹಳದಿ ಬಂತಾ, ದುಲಿಯಾ?"

"ಬಂತು ಬಂತು, ಚೆನ್ನಾಗೇ ಬಂದಿದೆ."

"ಇನ್ನೊಂದು?"

"ಅದು ನೇರಳೆ ಕಣೋ ಮುದುಕ."

"ಥೂ, ಈ ಉಪ್ಪುನೀರಿನ ಹಣೆಬರಹಾನೇ ಇಷ್ಟು. ಏರೋದೊಂದೇ ಗೊತ್ತು ಇದಕ್ಕೆ." ಆಸಿಡ್ ಸುರಿದ. ಮಧ್ಯಾಹ್ನ ಮತ್ತೆ ನೋಡಿದರು, ನೇರಳೆ. ಮತ್ತೆ ಸುರಿದ. ಸಂಜೆಗೂ ನೇರಳೆಯೇ. ಇನ್ನೊಂದು ಸಲ ಸುರಿದ.

ಶನಿವಾರ ನೀರು ಗಾಜಿನಂತಿತ್ತು, ತಳದ ಹೆಂಚಿನ ಗೆರೆಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಅಮ್ಮಾವ್ರು ಕಾರಿಳಿದವರೇ, "ಭೇಷ್, ಎಲಿಗಿಯೊ!" ಎಂದರು. ಅವನು ಟೋಪಿ ತೆಗೆದು ನಿಂತ. ಈಸ್ಟರಿನ ಹಿಂದಿನ ಆ ಶನಿವಾರ ಒಬ್ಬರ ಮೇಲೊಬ್ಬರು ನೀರೆರಚುವುದು ನಮ್ಮಲ್ಲಿ ಪದ್ಧತಿ. ಮಕ್ಕಳು ಕೊಳದಿಂದಲೇ ಬಕೆಟ್ ತುಂಬಿ ಮುಖಮುಖಕ್ಕೆ ಎರಚಿದರು. ಸ್ವಲ್ಪ ಹೊತ್ತಿನಲ್ಲೇ ಕಿರುಚಾಟ ಎದ್ದಿತು. ಅಮ್ಮಾವ್ರ ಮೊಮ್ಮಗಳು ಕಣ್ಣು ಬಿಡಲಾರದೆ ನೆಲದ ಮೇಲೆ ಹೊರಳಾಡುತ್ತಿದ್ದಳು. ನಾನು ಅಡುಗೆಮನೆಯಿಂದ ಕುಡಿಯುವ ನೀರನ್ನೇ ಹೊತ್ತು ತಂದು ಕಣ್ಣಿಗೆ ಹುಯ್ದೆ. ಸದ್ಯ, ಸಂಜೆಯೊಳಗೆ ಉರಿ ಇಳಿಯಿತು.

ಅಮ್ಮಾವ್ರು ಕರೆಸಿದ್ದಕ್ಕೆ ಅಂದೇ ಕಂಪನಿಯಿಂದ ಒಬ್ಬ ಹುಡುಗ ಬಂದ. ತನ್ನ ಕ್ಲೋರಿನ್ ನಳಿಗೆಗೆ ಹನಿ ಹಾಕಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅದು ಹಳದಿಯಲ್ಲ, ಹಬ್ಬದ ಬ್ರೆಡ್ ಪಾಯಸಕ್ಕೆ ನನ್ನ ಒಲೆಯ ಮೇಲೆ ಕುದಿಯುತ್ತಿದ್ದ ಬೆಲ್ಲದ ಪಾಕದ ಬಣ್ಣ.

"ಕ್ಲೋರಿನ್ ವಿಪರೀತ ಆಗಿದೆ ಅಮ್ಮಾ," ಎಂದ. "ಇಷ್ಟಿದ್ರೆ ಪಿಎಚ್ ಹನಿ ಸುಳ್ಳು ಹೇಳುತ್ತೆ, ಸುಮ್ಸುಮ್ನೆ ನೇರಳೆ ತೋರ್ಸುತ್ತೆ. ಅದನ್ನ ನಂಬ್ಕೊಂಡು ಆಸಿಡ್ ಹುಯ್ದಿದಾರೆ."

ಎಲಿಗಿಯೊನಿಗೆ ಆ ಬಣ್ಣ ಕಾಣಲಿಲ್ಲ. "ಇಲ್ಲ ಅಮ್ಮಾವ್ರೇ, ನಿನ್ನೆ ಸರಿಯಾದ ಹಳದೀನೇ ಇತ್ತು. ಆಮೇಲೆ ಆಸಿಡ್ ಹಾಕೋವಾಗ ನನ್ನ ಕೈಯೇ ಏನೋ ಎಡವಟ್ಟು ಮಾಡಿರ್ಬೇಕು," ಎಂದ. ನಾನು ದುಲಿಯಾಳನ್ನು ನೋಡಿದೆ. ಅವಳ ಕಣ್ಣು ಆ ನಳಿಗೆಯ ಮೇಲೆಯೇ ನೆಟ್ಟಿತ್ತು.

ಹಬ್ಬ ಮುಗಿಯುವುದರೊಳಗೆ ಕೋಣೆ ಬಿಡಿ ಎಂದಾಯಿತು. ಪಾತ್ರೆ ಕಟ್ಟಿಕೊಳ್ಳಲು ಹಳೆ ಬಟ್ಟೆ ಕೇಳುವ ನೆಪದಲ್ಲಿ ದುಲಿಯಾ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕುಸಿದಳು.

"ಇದೇ ಬಣ್ಣ ಇತ್ತು ನಾತಿ, ನಿನ್ನ ಪಾಕದ್ದು. ಗಾಢ ಆಗಿದೆ ಅಂತ ನಂಗೆ ಕಾಣಿಸ್ತು. ಹೆಚ್ಚಿದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡೆ. ಹಸಿರಾಗುತ್ತೆ ಹಸಿರಾಗುತ್ತೆ ಅಂತ ಅವನು ಅನ್ನ ಬಿಟ್ಟು ಕೂತಿದ್ದ. ಬಂತು ಅಂದ್ರೆ ಎರಡು ರೊಟ್ಟಿ ತಿಂತಾನೆ ಅಂತ ಅಂದ್ಬಿಟ್ಟೆ."

"ಹೋಗಿ ಅವನಿಗೆ ಹೇಳೇ ಮಾರಾಯ್ತಿ! ತನ್ನ ಕೈಯನ್ನ ತಾನೇ ಬೈಕೊಂಡು ಸಾಯ್ತಿದಾನೆ."

"ಹೇಳ್ಬಿಟ್ರೆ? ನಾಳೆ ಇಲ್ಲಿ ಮೆಟ್ಟಿಲಿದೆ ಕಾಲಿಡು ಅಂದ್ರೆ ನಂಬ್ತಾನಾ? ಅವನಿಗೆ ಇರೋದು ನನ್ನ ಬಾಯೊಂದೇ ಕಣೇ."

ಅವಳು ಕೇಳಿದ ಹಳೆ ಬಟ್ಟೆ ಹುಡುಕಿ ತಂದು ಅವಳ ಮಡಿಲಿಗೆ ಹಾಕಿದೆ.

ಎದುರು ಮನೆಯ ವಿಧವೆ ಒಳ್ಳೆಯ ಹೆಂಗಸು. ಗಂಡಹೆಂಡಿರು ಗಂಟುಮೂಟೆ ಹೊತ್ತು ಹೊರಟ ದಿನ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ, "ಎಲಿಗಿಯೊ, ನಮ್ಮ ಕೊಳ ನೋಡ್ಕೋ. ಬಣ್ಣ ನಿನ್ನ ಹೆಂಡ್ತಿ ನೋಡ್ಲಿ. ಹಿಂದೆ ಒಂದು ಕೋಣೆ ಖಾಲಿ ಇದೆ," ಎಂದರು. ಅವನ ಕಣ್ಣಿನ ಸಂಗತಿ ಅವರಿಗೆ ಮೊದಲಿಂದಲೂ ಗೊತ್ತಿತ್ತೋ ಏನೋ. ನನಗೆ ಹೋದ ಜೀವ ಬಂದಂತಾಯಿತು.

ಎಲಿಗಿಯೊ ತಲೆಯಲ್ಲಾಡಿಸಿದ. "ಬೇಡ ತಾಯಿ. ಕಣ್ಣು ಹೋದಾಗ ಇವಳಿದ್ಲು. ಈಗ ಕೈ ಹೋಗಿದೆ. ನಿಮ್ಮ ಮೊಮ್ಮಕ್ಕಳನ್ನೂ ಸುಡಲಾ?" ಎಂದು ಹೆಂಡತಿಯ ಕಡೆ ಮುಖ ತಿರುಗಿಸಿದ. "ಇವಳು ಸರಿಯಾಗೇ ಹೇಳಿದ್ದು. ಹಳದಿ ತಾನೇ, ದುಲಿಯಾ?"

ದುಲಿಯಾ ನನ್ನತ್ತ ನೋಡಿದಳು. ಹೇಳೇ, ಈಗಲಾದರೂ ಹೇಳೇ ಎಂದು ನನ್ನ ಜೀವ ಕೂಗುತ್ತಿತ್ತು. ಅವಳು ಒಂದು ಸಲ ಆ ವಿಧವೆಯ ಗೇಟಿನ ಕಡೆ ಕಣ್ಣು ಹಾಯಿಸಿ, ಅವನ ತೋಳು ಹಿಡಿದುಕೊಂಡಳು.

"ಹಳದೀನೇ ಕಣೋ ಮುದುಕ. ಹುಷಾರು, ಮೆಟ್ಟಿಲು."

ಅವನು ಒಂಚೂರೂ ತಡವರಿಸದೆ ಕಾಲು ಕೆಳಗಿಟ್ಟ.