ಮದುವೆ ಕಾರ್ಡಿನಲ್ಲಿ ಕಜವ

ತುಳುವಿನಲ್ಲಿ ಕಜವು ಎಂದರೆ ಕಸ. ಕುದ್ರೋಳಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಕಜವ ಪೂಜಾರಿಗೆ ಆ ಹೆಸರನ್ನು ಇಟ್ಟವಳು ಹೆತ್ತ ತಾಯಿ ಅಕ್ಕು. ತಾತ್ಸಾರದಿಂದ ಇಟ್ಟದ್ದಲ್ಲ. ಅವನಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ನಾಲ್ಕನೆಯದನ್ನು ಅಕ್ಕು ಹಿತ್ತಿಲಿನ ಕಸದ ರಾಶಿಯ ಮೇಲೆ ಮಲಗಿಸಿ ಬಂದಳು. ಮೊದಲೇ ಮಾತಾಡಿಕೊಂಡಿದ್ದಂತೆ ನೆರೆಮನೆಯ ರಹ್ಮತ್ ಅದನ್ನು ಎತ್ತಿಕೊಂಡು ಬಂದು, "ಕಸದಲ್ಲಿ ಸಿಕ್ಕಿತು, ಬೇಕಾ?" ಎಂದು ಕೇಳಿ, ಒಂದು ಮೊರ ತೌಡಿಗೆ ಅಕ್ಕುವಿಗೇ ಮಾರಿದಳು. ಬೆಲೆಯಿಲ್ಲದ್ದನ್ನು ಯಮ ಮುಟ್ಟುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಆ ವರ್ಷ ಕೇರಿಗೆ ಲಸಿಕೆ ಹಾಕುವ ದಾದಿಯೂ ಬರತೊಡಗಿದ್ದಳು. ಮಗು ಉಳಿಯಿತು. ಅಕ್ಕು ಶ್ರೇಯಸ್ಸನ್ನೆಲ್ಲ ಹೆಸರಿಗೇ ಕೊಟ್ಟಳು.

ನಮ್ಮ ಮನೆಗೆ ಮೊದಲ ಸಲ ಬಂದ ದಿನ ಅವನು ಗೇಟಿನಿಂದಲೇ "ಕಜವ" ಎಂದು ತನ್ನ ಹೆಸರು ಹೇಳಿದ. ಕೆಲಸದವಳು ಕಸದ ಬಕೆಟ್ ತಂದು ಅವನ ಮುಂದಿಟ್ಟಳು. ಅವನು ಸಿಟ್ಟಾಗಲಿಲ್ಲ. ಬಕೆಟನ್ನು ಗೇಟಿನ ಹೊರಗಿಟ್ಟು ಬಂದು ಪಂಪು ಬಿಚ್ಚಿದ. ಐವತ್ತೆಂಟು ವರ್ಷಗಳ ಅಭ್ಯಾಸವದು.

ಈ ವರ್ಷ ಕಜವನ ಮಗಳು ನಿರೀಕ್ಷಾಳಿಗೆ ಬಜಪೆಯ ಹಿತೇಶನೊಂದಿಗೆ ಮದುವೆ ಗೊತ್ತಾಯಿತು. ತೊಂದರೆ ಶುರುವಾದದ್ದು ಕಾರ್ಡಿನಿಂದ.

"ಅಪ್ಪಾ, ಇದು ವಾಟ್ಸ್ಯಾಪಿನಲ್ಲಿ ನನ್ನ ಆಫೀಸಿನವರಿಗೆಲ್ಲ ಹೋಗ್ತದೆ. ಎಲ್ಲರೂ ಓದ್ತಾರೆ."

"ಓದ್ಲಿ. ಓದ್ಲಿಕ್ಕೇ ಅಲ್ವಾ ಕಳಿಸುವುದು?"

"ನಿಮ್ಮ ಹೆಸರು ಕಮಲಾಕ್ಷ ಅಂತ ಹಾಕುವ. ಕಾರ್ಡಿನಲ್ಲಿ ಮಾತ್ರ."

ಕಜವನಿಗೆ ಅದು ಹಿಡಿಸದೆ ಇರಲಿಲ್ಲ. ನಮ್ಮ ಬಾವಿಕಟ್ಟೆಯಲ್ಲಿ ಸ್ಕ್ರೂ ತಿರುಗಿಸುತ್ತ "ಕಮಲಾಕ್ಷ ಪೂಜಾರಿ" ಎಂದು ಮೆಲ್ಲಗೆ ಎರಡು ಸಲ ಹೇಳಿ ನೋಡಿದ್ದನ್ನು ನಾನೇ ಕೇಳಿದ್ದೇನೆ. ಒಪ್ಪದವಳು ಅಕ್ಕು.

"ಕಮಲಾಕ್ಷ ಅಂತ ಹಾಕಿದ್ರೆ ಯಮನಿಗೆ ಗೊತ್ತಾಗ್ತದೆ, ಇಲ್ಲೊಬ್ಬ ಒಳ್ಳೆ ಜನ ಉಂಟು ಅಂತ."

"ಅಮ್ಮಾ, ನನ್ನ ಹಲ್ಲು ಬಿದ್ದಾಯ್ತು. ಅವನು ಇನ್ನೂ ನನ್ನನ್ನು ಹುಡುಕುತ್ತಾ ಇದ್ದಾನಾ?"

"ನೀನು ಸತ್ತರೆ ಸೂತಕ. ಮದುವೆ ನಿಲ್ತದೆ. ಆಮೇಲೆ ನನ್ನ ಹತ್ರ ಬಂದು ಕೇಳ್ಬೇಡ."

ಸತ್ತವನು ಬಂದು ಹೇಗೆ ಕೇಳಿಯಾನು ಎಂದು ಯಾರೂ ವಿಚಾರಿಸಲಿಲ್ಲ.

ದಾರಿ ತೋರಿಸಿದವನು ಕಜವನ ಹೆಂಡತಿ ಜಯಳ ತಮ್ಮ ಮುಖೇಶ್. ನಂತೂರಿನಲ್ಲಿ ಟಯರ್ ಅಂಗಡಿ ಇಟ್ಟಿದ್ದಾನೆ, ಮಾತು ಜೋರು.

"ನಮ್ಮದು ಅಳಿಯ ಸಂತಾನ ಅಲ್ವಾ ಭಾವ? ಮಗಳು ತಾಯಿಯ ಕಡೆಗೆ ಸೇರಿದವಳು. ಅಕ್ಕನ ಹೆಸರು, ಸೋದರಮಾವ ಅಂತ ನನ್ನ ಹೆಸರು. ಮುಗೀತು. ಅಪ್ಪನ ಹೆಸರು ಯಾಕೆ?"

ವಂಶವನ್ನು ತಾಯಿಯಿಂದ ಎಣಿಸುವ ಈ ಕಟ್ಟಿನ ಕಾನೂನು ಎಂದೋ ಬದಲಾಗಿದೆ. ಈಗ ಅದನ್ನು ಮದುವೆಮನೆಯ ದೊಡ್ಡ ಪಾತ್ರೆಯಂತೆ ಬೇಕಾದಾಗ ಅಟ್ಟದಿಂದ ಇಳಿಸುತ್ತಾರೆ, ಅಷ್ಟೆ. ಇಲ್ಲಿ ಮಾತ್ರ ಎಲ್ಲರಿಗೂ ಅನುಕೂಲವಾಯಿತು. ನಿರೀಕ್ಷಾಳ ಮಾನ ಉಳಿಯಿತು, ಅಕ್ಕುವಿನ ಮಗ ಉಳಿದ, ಜಯಳ ಹೆಸರು ಮೇಲಿನ ಸಾಲಿಗೆ ಬಂತು. ಆಕ್ಷೇಪಿಸಲು ಕಾರಣ ಸಿಗದೆ ಕಜವನೂ ತಲೆಯಾಡಿಸಿದ.

ಜಾನೆಟ್ ಎಂಬವಳ ಪ್ರೆಸ್ಸಿನಿಂದ ಕಾರ್ಡಿನ ಮಾದರಿ ಅವನ ಮೊಬೈಲಿಗೆ ಬಂತು. ಅವನು ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ಗಣಪತಿ ಇದ್ದ, ಜಯ ಇದ್ದಳು, ಮುಖೇಶ ಇದ್ದ, ಹಾಲ್‌ಗೆ ಹೋಗುವ ದಾರಿಯ ನಕ್ಷೆಯಲ್ಲಿ ಒಂದು ಪೆಟ್ರೋಲ್ ಬಂಕ್ ಕೂಡ ಇತ್ತು. ಆ ವಾರ ನಮ್ಮ ಪಂಪಿಗೆ ಹೊಸ ವಾಷರ್ ಹಾಕಿ ಹೋದ. ಹಳೆಯದೇ ವಾಸಿಯಾಗಿತ್ತು, ನೀರು ಇನ್ನಷ್ಟು ಸೋರಿತು. ಮೂರನೆಯ ದಿನ ಅವನು ನೇರ ಪ್ರೆಸ್ಸಿಗೆ ಹೋದ. ಮುಂದಿನದು ಜಾನೆಟ್ ನನಗೆ ಹೇಳಿದ್ದು.

"ನನ್ನ ಹೆಸರು ಹಾಕು."

"ಎಂತ ಹಾಕುವುದು? ಕಮಲಾಕ್ಷನಾ?"

"ಕಜವ ಪೂಜಾರಿ."

"ಮಗಳು ಬೈದರೆ ನನ್ನನ್ನು ಹೇಳ್ಬೇಡಿ ಆಯ್ತಾ."

"ಇಷ್ಟು ವರ್ಷ ಊರವರ ತಮಾಷೆ ತಿಂದದ್ದು ಕಜವ. ಈಗ ಮದುವೆ ಊಟಕ್ಕೆ ಕಮಲಾಕ್ಷ ಬರುವುದಾ ಮಾರಾಯ್ತಿ?"

ಕಾರ್ಡಿನ ಕಟ್ಟುಗಳು ಮನೆಗೆ ಬಂದ ದಿನ ಮುಖೇಶ ಒಂದನ್ನು ಓದಿ, ಚಹಾ ಕುಡಿಯದೆ ನಂತೂರಿಗೆ ಹೊರಟುಹೋದ. ಅಕ್ಕು ಕನ್ನಡಕ ಹಾಕಿ ನೋಡಿ, ಹೆಸರು ಸರಿಯಾಗಿದೆ ಎಂದಳು. ನಿರೀಕ್ಷಾ ಬಾಗಿಲು ಹಾಕಿಕೊಂಡು ಅತ್ತಳು. ಊಟದ ಹೊತ್ತಿಗೆ ಹಸಿವಾದ್ದರಿಂದ ಹೊರಗೆ ಬಂದಳು. ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು:

"ಮಾಮನ ಹೆಸರಿಗಿಂತ ನಿಮ್ಮ ಹೆಸರು ದಪ್ಪ ಯಾಕೆ ಅಪ್ಪಾ?"

"ಎಂತದೋ. ಜಾನೆಟಿಗೆ ತಪ್ಪಿರಬೇಕು."

ಅದು ಸುಳ್ಳು. ಎಷ್ಟು ದಪ್ಪ ಬೇಕೆಂದು ಜಾನೆಟ್ ಎರಡು ಸಲ ಕೇಳಿದ್ದಳು. ಎರಡು ಸಲವೂ ಅವನು, ಇನ್ನೂ ಸ್ವಲ್ಪ, ಎಂದಿದ್ದ.